ಅಂಗನವಾಡಿ ಸಂಜೆಯವರೆಗೂ ತೆರೆದಿರಲಿ

ಮಾನ್ಯ ಸಂಪಾದಕರೇ,

ಜೂನ್ ಹತ್ತಿರ ಬಂತೆಂದರೆ ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಮಂಜೇಶ್ವರ, ಕುಂಬಳೆ ಕಡೆಯ ಮನೆಗಳಲ್ಲಿ ಒಂದೇ ಚಿಂತೆ. ಮೂರು ವರ್ಷದ ಮಗುವನ್ನು ಎಲ್ಲಿ ಬಿಡುವುದು? ಅಂಗನವಾಡಿ ಹತ್ತಿರವೇ ಇದೆ. ಫೀಸಿಲ್ಲ, ಊಟ ಇದೆ, ಹಾಲು, ಮೊಟ್ಟೆಯೂ ಇದೆ. ಆದರೆ 3.30ಕ್ಕೆ ಬಾಗಿಲು ಹಾಕುತ್ತಾರೆ. ನಾನು ಉಪ್ಪಳದ ಬಟ್ಟೆ ಅಂಗಡಿಯಲ್ಲಿ ಕೆಲಸ ಮುಗಿಸಿ, ಬಸ್ಸು ಹಿಡಿದು ಪೈವಳಿಕೆಗೆ ಮುಟ್ಟುವಾಗ ಏಳು ಗಂಟೆ.

ಅಷ್ಟು ಹೊತ್ತು ಮಗಳನ್ನು ನೋಡಿಕೊಳ್ಳುವವರು ನೆರೆಮನೆಯ ಅಜ್ಜಿ. ಅವರು ಬೀಡಿ ಕಟ್ಟುತ್ತಾರೆ. ತೊಡೆಯ ಮೇಲೆ ತಡ್ಪೆ (ಮೊರ), ಸುತ್ತ ನಾಲ್ಕು ಮನೆಯ ಮಕ್ಕಳು. ನನ್ನ ಮಗಳು ಅಲ್ಲೇ ಚಾಪೆಯಲ್ಲಿ ನಿದ್ದೆ ಹೋಗುತ್ತಾಳೆ. ಎತ್ತಿಕೊಂಡರೆ ಕೂದಲೆಲ್ಲ ಹೊಗೆಸೊಪ್ಪಿನ ವಾಸನೆ. ಎಲೆ ಕತ್ತರಿಸುವ ಕತ್ತರಿ ಮಕ್ಕಳ ಕೈಗೆ ಸಿಗಬಾರದೆಂದು ಅಜ್ಜಿ ಎದ್ದು ಎದ್ದು ಅದನ್ನು ಮೇಲೆ ಸಿಕ್ಕಿಸಿಡುತ್ತಾರೆ. ಅವರ ಪ್ರೀತಿಗೆ ಏನೂ ಕಮ್ಮಿ ಇಲ್ಲ. ಆದರೆ ಕಟ್ಟಿದ ಬೀಡಿ ಹೊತ್ತಿಗೆ ಸರಿಯಾಗಿ ಬೀಡಿ ಕಂಪೆನಿಯ ಬ್ರಾಂಚಿಗೆ ಹೋಗಬೇಕಲ್ವಾ?

50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೊಠಡಿ ಇರಬೇಕು ಎಂದು 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಆಯಿತು. ಒಳ್ಳೆಯದೇ. ಆದರೆ ನಮ್ಮ ಅಂಗಡಿಯಲ್ಲಿರುವುದು ಆರೇಳು ಜನ. ಬೀಡಿ ಕಟ್ಟುವವರು ತಮ್ಮ ತಮ್ಮ ಮನೆ ಜಗಲಿಯಲ್ಲಿ. ಆ ಸೌಲಭ್ಯ ನಮಗೆಲ್ಲಿಂದ ಸಿಗಬೇಕು?

ಖಾಸಗಿ ಎಲ್‌ಕೆಜಿಗೆ ಹಾಕಿ ಎನ್ನುತ್ತಾರೆ. ಫೀಸು, ಯೂನಿಫಾರ್ಮ್, ಅದರ ಮೇಲೆ ವ್ಯಾನಿನ ಬಾಡಿಗೆ. ಇಷ್ಟೆಲ್ಲ ಕೊಟ್ಟರೂ ಮಕ್ಕಳು ಮನೆಗೆ ಬರುವುದು ನಾಲ್ಕು ಗಂಟೆಗೇ. ಸರಿಯಾಗಿ ಪೆನ್ಸಿಲ್ ಹಿಡಿಯಲು ಬಾರದ ಕೈಗೆ ಪುಟ ತುಂಬ ಎಬಿಸಿಡಿ ಹೋಂವರ್ಕ್ ಬೇರೆ.

ಇನ್ನೊಂದು ಸಂಗತಿ ಇದೆ. ಅಂಗನವಾಡಿ ಟೀಚರಿಗೆ ಮಲಯಾಳ ಮಾತ್ರ ಬರುವುದಾದರೆ, ಮನೆಯಲ್ಲಿ ಕನ್ನಡವೋ ತುಳುವೋ ಆಡುವ ಮಗು ದಿನವಿಡೀ ಮೂಲೆ ಹಿಡಿದು ಕೂರುತ್ತದೆ. ಕೆಲವು ದಿನ ನೋಡಿ ಮನೆಯವರೇ ಬಿಡಿಸುತ್ತಾರೆ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ತಾಯಿನುಡಿಯಲ್ಲಿ ಕಲಿಕೆ ಎನ್ನುವ ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದ ಮಾತಾಡುತ್ತದೆ. ಶಿಕ್ಷಣ ಹಕ್ಕು ಕಾಯ್ದೆ ಶುರುವಾಗುವುದು 6 ವರ್ಷದಿಂದ. ಅದಕ್ಕಿಂತ ಸಣ್ಣ ಮಕ್ಕಳನ್ನು ಕೇಳುವವರು ಯಾರೂ ಇಲ್ಲ. ಕನ್ನಡ ಶಾಲೆಗೆ ಮಕ್ಕಳು ಕಮ್ಮಿಯಾದರು ಎಂದು ನಾವು ಒಂದನೇ ಕ್ಲಾಸಿನ ಹಾಜರಿ ನೋಡಿ ಬೇಸರಪಡುತ್ತೇವೆ. ಮಕ್ಕಳು ಕೈತಪ್ಪುವುದು ಅದಕ್ಕೂ ಎರಡು ಮೂರು ವರ್ಷ ಮೊದಲೇ.

ದಾರಿ ಇಲ್ಲ ಎಂದಲ್ಲ. ಕೇಂದ್ರದ ‘ಪಾಲನಾ’ ಯೋಜನೆಯಲ್ಲಿ ಅಂಗನವಾಡಿಯನ್ನೇ ಶಿಶುಪಾಲನಾ ಕೇಂದ್ರವನ್ನಾಗಿ ಮಾಡಬಹುದು. ಆರು ತಿಂಗಳಿಂದ ಆರು ವರ್ಷದವರೆಗಿನ ಮಕ್ಕಳಿಗೆ ತಿಂಗಳಿಗೆ 26 ದಿನ, ದಿನಕ್ಕೆ ಏಳೂವರೆ ಗಂಟೆ ಆರೈಕೆ. ಅದಕ್ಕೆಂದೇ ಬೇರೆ ಕಾರ್ಯಕರ್ತೆ, ಬೇರೆ ಸಹಾಯಕಿ. ಈ ‘ಬೇರೆ’ ಎನ್ನುವುದು ಮುಖ್ಯ. ಈಗಿರುವ ಟೀಚರುಗಳಿಗೇ ಸಂಜೆಯ ಕೆಲಸವನ್ನೂ ಹೊರಿಸಿದರೆ ಅನ್ಯಾಯ. ಗೌರವಧನಕ್ಕೆ ದುಡಿಯುವ ಅವರಿಗೆ ಸರ್ವೆ, ರಿಜಿಸ್ಟರು, ಮೊಬೈಲ್ ಎಂಟ್ರಿ ಎಂದು ಕೆಲಸ ಈಗಲೇ ಜಾಸ್ತಿ. ಏಳೂವರೆ ಗಂಟೆಯೂ ನಮಗೆ ಪೂರ್ತಿ ಸಾಲದು. ಆದರೂ ಬೆಳಿಗ್ಗೆ ಹತ್ತಕ್ಕೆ ಶುರುಮಾಡಿದರೆ ಸಂಜೆ ಐದೂವರೆಯವರೆಗೆ ಮಗು ಒಂದು ಒಳ್ಳೆಯ ಜಾಗದಲ್ಲಿರುತ್ತದೆ.

ಕೇರಳದಲ್ಲಿ ಅಂಗನವಾಡಿಗಳ ಉಸ್ತುವಾರಿ ಪಂಚಾಯತಿನದು. ಹಾಗಾಗಿ ಗಡಿಭಾಗದ ನಮ್ಮ ಪಂಚಾಯತ್ ಸದಸ್ಯರಲ್ಲಿ ಕೇಳುವುದಿಷ್ಟೇ. ಪೈವಳಿಕೆ, ಮೀಂಜ, ವರ್ಕಾಡಿ, ಎಣ್ಮಕಜೆ, ಬದಿಯಡ್ಕದಂಥ ಕಡೆ ಪಂಚಾಯತಿಗೆ ಒಂದಾದರೂ ಅಂಗನವಾಡಿ ಸಂಜೆಯವರೆಗೆ ನಡೆಯಲಿ. ಅಲ್ಲಿಗೆ ಕನ್ನಡ, ತುಳು ಬಲ್ಲವರನ್ನೇ ನೇಮಿಸಿ. ಮುಂದಿನ ವಾರ್ಷಿಕ ಯೋಜನೆಯಲ್ಲಿ ಇದಕ್ಕೆ ಹಣ ಇಡಿ. ತಾಯಂದಿರೂ ಗ್ರಾಮಸಭೆಗೆ ಬಂದು ಇದನ್ನು ಎದ್ದು ನಿಂತು ಕೇಳಬೇಕು. ಸಭೆಯನ್ನು ರಜೆಯ ದಿನ ಇಟ್ಟರೆ ನಾವೆಲ್ಲ ಬರುತ್ತೇವೆ.

– ಒಬ್ಬ ತಾಯಿ, ಪೈವಳಿಕೆ