ಜಗಲಿಗೆ ನೀರು ಸುರಿಸುತ್ತಿದ್ದವನಿಂದ ಸಮಾಜ ಕಲ್ಯಾಣ ಸಚಿವರಿಗೊಂದು ಬಹಿರಂಗ ಪತ್ರ

ಸನ್ಮಾನ್ಯ ಸಮಾಜ ಕಲ್ಯಾಣ ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಮಾನ್ಯರೇ,

ನಾನು ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಅಂಗಡಿ ಇಟ್ಟುಕೊಂಡವನು. ಇಪ್ಪತ್ತಾರು ವರ್ಷದ ವ್ಯಾಪಾರ. ಅಂಗಡಿಗೆ ಮೂರು ಮೆಟ್ಟಿಲು, ಅದರ ಮೇಲೆ ಆರಡಿ ಉದ್ದದ ಜಗಲಿ. ಆ ಜಗಲಿಯ ವಿಷಯಕ್ಕೇ ಈ ಪತ್ರ.

ಎರಡು ವರ್ಷ ಪ್ರತಿ ರಾತ್ರಿ ಒಂಬತ್ತಕ್ಕೆ ಷಟರ್ ಎಳೆದ ಮೇಲೆ ಆ ಜಗಲಿಗೆ ಎರಡು ಬಕೆಟ್ ನೀರು ಸುರಿಸುತ್ತಿದ್ದೆ. ಅಂಗಡಿ ಹುಡುಗನಿಗೆ ಹೇಳುತ್ತಿದ್ದದ್ದು ‘ತೊಳೆದುಬಿಡಪ್ಪ’ ಅಂತ. ತೊಳೆಯುವವರು ಬೆಳಗ್ಗೆ ತೊಳೆಯುತ್ತಾರೆ, ರಾತ್ರಿಯಲ್ಲ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಯಾರೂ ಬಂದು ಮಲಗದಿರಲಿ ಅಂತ ಆ ನೀರು. ಬೀಡಿ ತುಂಡು, ಉಗುಳು, ಮೂಲೆಯಲ್ಲಿ ಮೂತ್ರದ ವಾಸನೆ, ಬೆಳಗ್ಗೆ ಬರುವ ಹೆಣ್ಣಿನ ಕಡೆಯವರ ಮುಖ ಸಿಂಡರಿಸುವುದು, ಹೀಗೆ ನನಗೂ ಕಾರಣಗಳಿದ್ದವು, ಸುಳ್ಳು ಕಾರಣಗಳೇನಲ್ಲ. ನಮ್ಮ ಸಾಲಿನಲ್ಲಿ ನಾನೊಬ್ಬನೇ ಹೀಗೆ ಎಂದೂ ಅಲ್ಲ. ಪಕ್ಕದವರು ಜಗಲಿ ಅಂಚಿಗೆ ಮೊಳೆ ಎದ್ದ ಕಬ್ಬಿಣದ ಪಟ್ಟಿ ಹೊಡೆಸಿದ್ದಾರೆ. ಎದುರಿನವರು ಹೂಕುಂಡ ಸಾಲಾಗಿ ಇಟ್ಟಿದ್ದಾರೆ. ಗಿಡ ಒಣಗಿ ವರ್ಷವಾಯಿತು, ಕುಂಡ ಮಾತ್ರ ಕದಲಿಲ್ಲ.

ಒಂದು ಮಳೆಗಾಲದ ರಾತ್ರಿ ನಿದ್ದೆ ಬಾರದೆ ಫೋನಿನಲ್ಲಿ ಅಂಗಡಿಯ ಸಿಸಿಟಿವಿ ತೆಗೆದು ನೋಡಿದೆ. ಹನ್ನೊಂದೂವರೆ. ಅರವತ್ತರ ಆಸುಪಾಸಿನ ಒಬ್ಬರು ಜಗಲಿ ಮುಂದೆ ಕುಕ್ಕರಗಾಲಲ್ಲಿ ಕೂತು, ಹೆಗಲ ಟವೆಲಿನಿಂದ ನನ್ನ ನೀರನ್ನು ಒರೆಸುತ್ತಿದ್ದರು. ಒರೆಸುವುದು, ಮೆಟ್ಟಿಲ ಪಕ್ಕಕ್ಕೆ ಬಂದು ಹಿಂಡುವುದು, ಮತ್ತೆ ಒರೆಸುವುದು. ಎಷ್ಟು ಸಲ ಅಂತ ಎಣಿಸಲಿಲ್ಲ. ಕೊನೆಗೆ ಮೀಟರ್ ಪೆಟ್ಟಿಗೆಯ ಸಂದಿಯಿಂದ ಮಡಿಸಿಟ್ಟ ಒಂದು ರಟ್ಟು ಎಳೆದು ಹಾಸಿದರು. ನನ್ನ ಕಾರ್ಡುಗಳು ಬರುವ ರಟ್ಟಿನ ಪೆಟ್ಟಿಗೆಯದೇ ಅದು. ಒದ್ದೆ ಟವೆಲನ್ನು ಷಟರಿನ ಬೀಗಕ್ಕೆ ನೇತುಹಾಕಿ ಮಲಗಿದರು. ಎರಡು ವರ್ಷ ಈ ಕೆಲಸ ನಡೆದಿದೆ, ನಾನು ನೋಡಿದ್ದು ಅವತ್ತೇ ಮೊದಲು.

ಮರುದಿನ ರಾತ್ರಿ ಹನ್ನೊಂದರವರೆಗೆ ಅಂಗಡಿಯಲ್ಲೇ ಉಳಿದೆ. ನನ್ನನ್ನು ಕಂಡವರೇ ಅವರು ಹಿಂದಕ್ಕೆ ಸರಿದರು. ರಾಯಚೂರು ಕಡೆಯ ಮಾತು. ‘ಹೊಕ್ಕೀನ್ರಿ ಸಾವ್ಕಾರ್ರ’ ಎಂದು ಕೈಮುಗಿದರು. ಕೂರಿಸಿ ಕೇಳಿದ ಮೇಲೆ ಮೊದಲು ಆಡಿದ ಮಾತು, ‘ನಾ ಬೇಡೂದಿಲ್ರಿ. ದುಡೀತೀನ್ರಿ.’ ಬೆಳಗಿನ ಜಾವ ಮೂರಕ್ಕೆ ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂವಿನ ಮೂಟೆ ಇಳಿಸುವ ಕೂಲಿ. ಲಗ್ನದ ದಿನಗಳಲ್ಲಿ ಕಲ್ಯಾಣಮಂಟಪದಲ್ಲಿ ಕೇಟರಿಂಗಿನವರ ಜೊತೆ ಪಾತ್ರೆ, ಎಲೆ ಎತ್ತುವುದು. ಅಂದರೆ ನಾನು ಅಚ್ಚು ಹಾಕಿಸಿದ ಪತ್ರಿಕೆಯ ಎಷ್ಟೋ ಮದುವೆಗಳಲ್ಲಿ ನಾನು ಉಂಡ ಎಲೆಯನ್ನು ಅವರು ಎತ್ತಿರಬಹುದು.

‘ದುಡಿಯುವವರಾದರೆ ಒಂದು ಕೋಣೆ ಮಾಡಬಾರದೇ?’ ಎಂದು ಕೇಳುವವರಿಗೆ ಈ ಊರಿನ ಅಡ್ವಾನ್ಸು ನೆನಪಿಸಬೇಕಾಗುತ್ತದೆ. ಹತ್ತು ತಿಂಗಳ ಬಾಡಿಗೆ ಒಟ್ಟಿಗೆ ಎಣಿಸಿದವರಿಗೇ ಬೀಗದ ಕೈ ಎನ್ನುವುದು ಇಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ದಿನಗೂಲಿಯಲ್ಲಿ ಅರ್ಧ ಊರಿಗೆ ಕಳಿಸುವವರು ಆ ಹತ್ತು ತಿಂಗಳನ್ನು ಎಲ್ಲಿಂದ ತರುತ್ತಾರೆ? ತಂದರೂ ಒಂಟಿ ಮುದುಕರಿಗೆ ಕೋಣೆ ಕೊಡುವ ಓನರ್ ಸಿಗಬೇಕು.

ಸಚಿವರೇ, ನನ್ನದೊಂದು ತಪ್ಪೊಪ್ಪಿಗೆ ಓದಿಸಲು ನಿಮ್ಮ ಹೊತ್ತು ತೆಗೆದುಕೊಳ್ಳುತ್ತಿಲ್ಲ. ನಾನು ಎರಡು ಬಕೆಟ್ಟಿನಲ್ಲಿ ಮಾಡಿದ್ದನ್ನು ನಿಮ್ಮ ಇಲಾಖೆಯ ಕೈಯಲ್ಲಿರುವ ಕಾನೂನು ಐವತ್ತು ವರ್ಷದಿಂದ ಮಾಡುತ್ತಿದೆ. ಮಾತು ಅದರ ಬಗ್ಗೆ.

ಅವತ್ತು ಆ ಹಿರಿಯರು ಎರಡು ಸಲ ಕೇಳಿದ್ದು ಒಂದೇ ಪ್ರಶ್ನೆ: ‘ಗಾಡಿ ಬರ್ತೈತೇನ್ರಿ?’ ಯಾವ ಗಾಡಿ ಎಂದು ನಿಮಗೆ ಗೊತ್ತು, ಭಿಕ್ಷುಕರೆಂದು ಹಿಡಿದುಕೊಂಡು ಹೋಗುವ ಗಾಡಿ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ ಕೈಚಾಚಿದವರನ್ನಷ್ಟೇ ಭಿಕ್ಷುಕರೆಂದು ಕರೆಯುವುದಿಲ್ಲ. ಕಣ್ಣಿಗೆ ಕಾಣುವ ಜೀವನೋಪಾಯವಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಅಲೆಯುತ್ತಿದ್ದರೆ ಅಥವಾ ಉಳಿದುಕೊಂಡಿದ್ದರೆ, ಭಿಕ್ಷೆಯಿಂದಲೇ ಬದುಕುತ್ತಿರಬೇಕು ಎನ್ನಿಸುವ ಹಾಗಿದ್ದರೆ, ಅಷ್ಟೂ ಸಾಕು. ಎನ್ನಿಸುವುದು ಯಾರಿಗೆ? ಹನ್ನೊಂದೂವರೆಗೆ ನನ್ನ ಸಿಸಿಟಿವಿಯಲ್ಲಿ ಅವರ ಜೀವನೋಪಾಯ ಕಾಣುವುದಿಲ್ಲ. ಅದು ಕಾಣುವುದು ಬೆಳಗಿನ ಜಾವ ಮೂರಕ್ಕೆ, ಮಾರ್ಕೆಟ್ಟಿನ ಲಾರಿಯ ಹಿಂದೆ.

ಆ ಗಾಡಿಯ ಭಯ ಬರೀ ಕಲ್ಪನೆಯಲ್ಲ. 2010ರ ಆಗಸ್ಟಿನಲ್ಲಿ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ವಾಂತಿ, ಭೇದಿ, ನಿರ್ಜಲೀಕರಣ, ಜಾಗಕ್ಕೆ ಮೀರಿ ತುಂಬಿದ ಬ್ಯಾರಕ್ಕುಗಳು, ಎಲ್ಲವೂ ಅವತ್ತಿನ ಪತ್ರಿಕೆಗಳಲ್ಲಿವೆ. ಜನ ಅದನ್ನು ಇವತ್ತಿಗೂ ‘ಬೆಗ್ಗರ್ಸ್ ಕಾಲೋನಿ’ ಎಂದೇ ಕರೆಯುತ್ತಾರೆ. ಬೋರ್ಡಿನ ಮೇಲೆ ಪರಿಹಾರ ಎಂಬ ಮಾತಿದ್ದರೂ, ಜಗಲಿಯ ಮೇಲೆ ಮಲಗುವವರ ಬಾಯಲ್ಲಿ ಅದು ‘ಹಿಡಿದುಕೊಂಡು ಹೋಗುವ ಜಾಗ’. ಅಂದಿನಿಂದ ಒಳಗೆ ಎಷ್ಟೇ ಸುಧಾರಣೆಯಾಗಿರಲಿ, ಒಳಗೆ ಹೋಗುವ ಬಾಗಿಲು ಬಂಧನದ್ದೇ ಆಗಿರುವ ತನಕ ಯಾರೂ ತಾವಾಗಿ ಅದನ್ನು ತಟ್ಟುವುದಿಲ್ಲ.

ಬೇರೆ ಕಡೆ ಇದನ್ನು ತಿದ್ದಿಕೊಂಡ ಉದಾಹರಣೆಗಳಿವೆ. ಭಿಕ್ಷೆಯನ್ನು ಅಪರಾಧವೆಂದ ಕಲಮುಗಳನ್ನು ದೆಹಲಿ ಹೈಕೋರ್ಟ್ 2018ರ ಆಗಸ್ಟಿನಲ್ಲಿ ರದ್ದು ಮಾಡಿತು. 2021ರಲ್ಲಿ, ಕೋವಿಡ್ ಕಾಲಕ್ಕೆ ಭಿಕ್ಷುಕರನ್ನು ರಸ್ತೆಗಳಿಂದ ತೆಗೆಸಿ ಎಂಬ ಅರ್ಜಿ ಬಂದಾಗ, ಉಳ್ಳವರ ಕಣ್ಣಿನಿಂದ ಇದನ್ನು ನೋಡಲಾಗದು ಎಂದದ್ದು ಸುಪ್ರೀಂ ಕೋರ್ಟೇ. ಅದೇ ಕೋರ್ಟಿನ ಬೇರೊಂದು ಪೀಠ 2025ರ ಫೆಬ್ರವರಿಯಲ್ಲಿ, ನಗರದ ವಸತಿರಹಿತರ ಪ್ರಕರಣವನ್ನೇ ಕೇಳುತ್ತಾ, ಪುಕ್ಕಟೆ ಕೊಡುಗೆಗಳಿಂದ ಪರಾವಲಂಬಿಗಳ ವರ್ಗವೊಂದನ್ನು ಹುಟ್ಟಿಸುತ್ತಿಲ್ಲವೇ ಎಂದು ಪ್ರಶ್ನಿಸಿತು. ಅದನ್ನು ಪೇಪರಿನಲ್ಲಿ ಓದಿದಾಗ ನನಗೆ ನಮ್ಮ ಸಾಲಿನ ಚಹಾ ಹೊತ್ತಿನ ಮಾತುಗಳೇ ಕೇಳಿಸಿದವು. ‘ಸೋಮಾರಿಗಳು ಕಣ್ರೀ’ ಎನ್ನುವ ನಾವು ಅಂಗಡಿ ತೆರೆಯುವುದು ಹತ್ತೂವರೆಗೆ. ಅಷ್ಟು ಹೊತ್ತಿಗೆ ಅವರ ಅರ್ಧ ದಿನದ ದುಡಿಮೆ ಮುಗಿದಿರುತ್ತದೆ.

ನಮ್ಮ ಮಾತಿನಲ್ಲೇ ಇದೆ ಈ ಧೋರಣೆ. ‘ಪರದೇಶಿ’ ಎಂದರೆ ಕನಿಕರವೂ ಹೌದು, ಬೈಗುಳವೂ ಹೌದು. ಮನೆ ಕಳೆದುಕೊಂಡವನನ್ನು ‘ಬೀದಿಗೆ ಬಿದ್ದ’ ಎನ್ನುತ್ತೇವೆ, ತಾನೇ ಕಾಲು ಜಾರಿ ಬಿದ್ದ ಹಾಗೆ. ಇನ್ನೊಂದು ಕಡೆ ನೋಡಿದರೆ, ಹಳೆಯ ಮನೆಗಳ ಜಗಲಿ ದಾರಿಹೋಕರ ತಲೆ ಒರಗಲಿ ಅಂತಲೂ ಕಟ್ಟಿದ್ದು. ನನ್ನಜ್ಜಿಯ ಊರಿನಲ್ಲಿ ಯಾರು ಬಂದು ಮಲಗಿದ್ದಾರೆ ಎಂದು ಒಳಗಿನವರು ಬೆಳಗ್ಗೆಯೇ ಕೇಳುತ್ತಿದ್ದದ್ದು, ಅದೂ ಕಾಫಿ ಕೊಡಲಿಕ್ಕೆ. ರೈಲಿಳಿದು ಬರುವವರಿಗಾಗಿ ಗುಬ್ಬಿ ತೋಟದಪ್ಪನವರು ನಿಲ್ದಾಣದ ಬಳಿ ಛತ್ರ ಕಟ್ಟಿಸಿದ್ದು 1903ರಲ್ಲಿ. ದೂರದಲ್ಲಿ ಜಾಗ ಅಗ್ಗವಾಗಿ ಸಿಗುತ್ತದೆ ಎಂದು ಅವರು ಊರಾಚೆ ಕಟ್ಟಿಸಲಿಲ್ಲ.

ಮನೆಯಿಲ್ಲದವರು ರಾತ್ರಿ ಮಲಗಲೆಂದು ಇರುವ ಒಂದು ತಂಗುದಾಣವನ್ನೂ ನೋಡಿಬಂದೆ. ಕೆಟ್ಟದಾಗಿರಲಿಲ್ಲ, ಅದನ್ನು ಹೇಳಲೇಬೇಕು. ಮಂಚ, ಹೊದಿಕೆ, ಬಿಸಿನೀರು, ನೋಡಿಕೊಳ್ಳುವ ಹುಡುಗನ ಮಾತೂ ಮೃದು. ಆದರೆ ರಾತ್ರಿ ಹತ್ತಕ್ಕೆ ಗೇಟಿಗೆ ಬೀಗ, ತೆರೆಯುವುದು ಬೆಳಗ್ಗೆ ಆರಕ್ಕೆ. ಮಾರ್ಕೆಟ್ಟಿಗೆ ಎರಡು ಬಸ್ಸು ಹಿಡಿಯಬೇಕು. ಮೂರಕ್ಕೆ ಮೂಟೆ ಇಳಿಸಬೇಕಾದವರಿಗೆ ಆ ಮಂಚದಿಂದ ಏನು ಉಪಯೋಗ? ಅರ್ಧಕ್ಕರ್ಧ ಮಂಚ ಖಾಲಿ ಇದ್ದವು. ನಾಳೆ ಯಾರಾದರೂ ಅಧಿಕಾರಿ ಬಂದು ನೋಡಿದರೆ ‘ಕೊಟ್ಟರೂ ಬರುವುದಿಲ್ಲ, ಇವರಿಗೆ ಬೀದಿಯೇ ಇಷ್ಟ’ ಎಂದು ಬರೆದುಕೊಳ್ಳುತ್ತಾರೆ.

ನಿಯಮ ಹೀಗಿರಬೇಕೆಂದು ಹೇಳಿಲ್ಲ. ಒಂದು ಲಕ್ಷ ಜನಸಂಖ್ಯೆಗೆ ಒಂದು ಆಶ್ರಯ ಕೇಂದ್ರ, ಒಂದೊಂದರಲ್ಲಿ ಕನಿಷ್ಠ 50 ಜನಕ್ಕೆ ಜಾಗ, ವರ್ಷವಿಡೀ ಹಗಲೂ ರಾತ್ರಿ ತೆರೆದಿರಬೇಕು, ರೈಲ್ವೆ ನಿಲ್ದಾಣ, ಬಸ್ ನಿಲ್ದಾಣ, ಮಾರುಕಟ್ಟೆಗಳಿಗೆ ಹತ್ತಿರವಿರಬೇಕು ಎಂದು ಕೇಂದ್ರ ಸರ್ಕಾರದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯೇ ಹೇಳಿತ್ತು. ಅದು ಶುರುವಾಗಿದ್ದು 2013ರಲ್ಲಿ. 2011ರ ಜನಗಣತಿಯಲ್ಲಿ ಬೆಂಗಳೂರು ಪಾಲಿಕೆಯ ಜನಸಂಖ್ಯೆ 84 ಲಕ್ಷ ದಾಟಿತ್ತು. ಆ ಹಳೆಯ ಲೆಕ್ಕಕ್ಕೇ 84 ಬೇಕು. ಊರು ಅಲ್ಲಿಂದಾಚೆ ಎಷ್ಟು ಬೆಳೆದಿದೆ ಎಂದು ಬೇರೆ ಹೇಳಬೇಕಿಲ್ಲ.

ಇದು ನಗರಾಡಳಿತದ ಕೆಲಸ, ನಮ್ಮ ಇಲಾಖೆಯದಲ್ಲ ಎಂದು ನಿಮ್ಮ ಕಚೇರಿಯಿಂದ ಉತ್ತರ ಬರಬಹುದೆಂದು ನನಗೆ ಗೊತ್ತು. ಸಿಕ್ಕು ಅಲ್ಲೇ ಇದೆ. ಹಿಡಿಯುವ ಕಾಯ್ದೆ ಒಂದು ಇಲಾಖೆಯಲ್ಲಿ, ಆಸರೆ ಕೊಡುವ ಯೋಜನೆ ಇನ್ನೊಂದರಲ್ಲಿ. ಇನ್ನು ಹಣ? ಅದನ್ನು ನಾವಾಗಲೇ ಕಟ್ಟುತ್ತಿದ್ದೇವೆ. ನನ್ನ ಅಂಗಡಿಯ ಆಸ್ತಿ ತೆರಿಗೆಯ ಮೇಲೆ ಸೇರುವ ಉಪಕರಗಳಲ್ಲಿ ಆರೋಗ್ಯ, ಗ್ರಂಥಾಲಯದ ಜೊತೆಗೆ ಭಿಕ್ಷುಕರ ಉಪಕರವೂ ಒಂದು, ನೂರು ರೂಪಾಯಿ ತೆರಿಗೆಗೆ 3 ರೂಪಾಯಿ. ತೆರಿಗೆ 20,000 ಆದರೆ 600. ರಾಜ್ಯದ ಊರೂರಿನಲ್ಲೂ ಮನೆ, ಅಂಗಡಿ ಇದ್ದವರು ವರ್ಷಾವರ್ಷ ಇದನ್ನು ಕಟ್ಟುತ್ತಾರೆ, ಬಹುಪಾಲು ಜನಕ್ಕೆ ಕಟ್ಟಿದ್ದೂ ಗೊತ್ತಿಲ್ಲ. ಹೀಗೆ ವಸೂಲಾದ ಹಣವನ್ನು ಸ್ಥಳೀಯ ಸಂಸ್ಥೆಗಳು ಅದೇ 1975ರ ಕಾಯ್ದೆಯಡಿಯ ಪರಿಹಾರ ಸಮಿತಿಗೆ ದಾಟಿಸದೆ ಬಾಕಿ ಉಳಿಸಿಕೊಂಡ ಸುದ್ದಿ ಎಷ್ಟೋ ಸಲ ಬಂದಿದೆ. ಜಗಲಿಗೆ ನೀರು ಸುರಿಸುತ್ತಿದ್ದ ಎರಡು ವರ್ಷವೂ ಆ ಹಿರಿಯರ ಹೆಸರಿನಲ್ಲಿ ನಾನು ದುಡ್ಡು ಕಟ್ಟಿದ್ದೇನೆ. ಅವರ ಬಗ್ಗೆ ನನಗೇನು ಸಂಬಂಧ ಎಂದು ಕೇಳುವ ಅಂಗಡಿಯವರಿಗೆ ಈಗ ಆ ರಸೀದಿ ತೋರಿಸುತ್ತೇನೆ.

ದೀಪಾವಳಿ ಕಳೆದ ಮೇಲೆ ಅವರಿಗೆ ಜ್ವರ ಬಂತು. ಆಟೋದಲ್ಲಿ ಒಂದು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದೆ. ಚೀಟಿ ಕೌಂಟರಿನಲ್ಲಿ ಆಧಾರ್ ಕೇಳಿದರು. ಯಾವುದೋ ಬಸ್ಸಿನಲ್ಲಿ ಚೀಲದ ಜೊತೆ ಹೋಗಿತ್ತು. ವಿಳಾಸ ಕೇಳಿದರು. ಅವರು ನನ್ನ ಮುಖ ನೋಡಿದರು. ನನ್ನ ಅಂಗಡಿ ವಿಳಾಸ ಬರೆಸಿದೆ. ‘ನೀವೇನಾಗಬೇಕು?’ ಎಂದಳು ಕೌಂಟರಿನ ಹುಡುಗಿ. ‘ನಮ್ಮ ಜಗಲಿಯವರು’ ಎಂದುಬಿಟ್ಟೆ. ಅವಳಿಗೆ ಅರ್ಥವಾಗಲಿಲ್ಲ, ‘ಸಂಬಂಧಿ’ ಎಂದು ಬರೆದುಕೊಂಡಳು. ಒಳ್ಳೆಯದೇ ಆಯಿತು. ಜೊತೆಗೆ ಅಂಗಡಿಯವನೊಬ್ಬ ಇಲ್ಲದವರ ಚೀಟಿಯಲ್ಲಿ ಆ ಜಾಗಕ್ಕೆ ಏನು ಬರೆಯುತ್ತಾರೆ?

ಇಲ್ಲಿವರೆಗೆ ಬರೆದದ್ದು ದುಡಿಯಬಲ್ಲವರ ಕತೆ. ದುಡಿಯಲಾರದವರೂ ಇದ್ದಾರೆ. ಮನಸ್ಸು ಕೆಟ್ಟು ಅಲೆಯುವವರನ್ನು ಲಾಕಪ್ಪಿಗೆ ಹಾಕದೆ 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಪೊಲೀಸರಿಗೆ ಹೇಳಿದೆ. ಹೆಂಗಸರಂತೂ ಮಲಗುವುದೇ ಇಲ್ಲ. ಬಸ್ ನಿಲ್ದಾಣದಲ್ಲಿ ಮಡಿಲಲ್ಲಿ ಚೀಲ ಇಟ್ಟುಕೊಂಡು, ಯಾವುದೋ ಊರಿನ ಬಸ್ಸಿಗೆ ಕಾಯುವವರ ಹಾಗೆ ಬೆಳಗಿನವರೆಗೆ ಕೂತಿರುತ್ತಾರೆ. ಬಸ್ಸು ಬಂದಾಗಲೊಮ್ಮೆ ಎದ್ದು ಬೋರ್ಡು ಓದಿದ ಹಾಗೆ ಮಾಡಿ ಮತ್ತೆ ಕೂರುತ್ತಾರೆ. ಇವರು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. 2011ರ ಜನಗಣತಿ ಕರ್ನಾಟಕದಲ್ಲಿ ಸುಮಾರು 77 ಸಾವಿರ ಜನ ಮನೆಯಿಲ್ಲದವರೆಂದು ಬರೆದುಕೊಂಡಿತು. ಅದು ಫೆಬ್ರವರಿ 28ರ ಒಂದೇ ರಾತ್ರಿಯ ಎಣಿಕೆ. ಮುಂದಿನ ಜನಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1. ಮನೆಯಿಲ್ಲದವರನ್ನು ಎಣಿಸುವ ರಾತ್ರಿ ಎಣಿಸುವವರ ಜೊತೆಗೆ ಮಾರ್ಕೆಟ್ಟಿನ ಕೂಲಿಯವರನ್ನು, ಪೌರಕಾರ್ಮಿಕರನ್ನು ಕಳಿಸಿ. ಯಾರು ಎಲ್ಲಿ ಮಲಗುತ್ತಾರೆ, ಯಾರು ಮಲಗಿದಂತೆ ಕಾಣುವುದಿಲ್ಲ ಎನ್ನುವುದು ಅವರಿಗೆ ಗೊತ್ತು.

ನಾನು ಕೇಳುವುದು ದೊಡ್ಡ ಯೋಜನೆಯಲ್ಲ. 1975ರ ಕಾಯ್ದೆಯಿಂದ ಆ ‘ಕಣ್ಣಿಗೆ ಕಾಣುವ ಜೀವನೋಪಾಯ’ದ ಮಾತನ್ನು ತೆಗೆಸಿ, ಮಲಗುವುದು ಬೇಡುವುದಲ್ಲ. ಉಪಕರದ ದುಡ್ಡನ್ನು ಬಾಕಿ ಸಮೇತ ತರಿಸಿ, ಅದರಲ್ಲಿ ಮಾರ್ಕೆಟ್ಟಿಗೆ ನಡೆದು ಹೋಗುವ ದೂರದಲ್ಲಿ ಒಂದು ತಂಗುದಾಣ ಮಾಡಿಸಿ, ಗೇಟಿಗೆ ಬೀಗ ಬೇಡ. ಜೊತೆಗೆ ಒಂದೊಂದು ಪುಟ್ಟ ಲಾಕರ್ ಇರಲಿ. ರಟ್ಟು, ಟವೆಲು, ಆಧಾರ್ ಇಡಲಿಕ್ಕೆ. ಆ ತಂಗುದಾಣದ ವಿಳಾಸವನ್ನೇ ರೇಷನ್ ಕಾರ್ಡಿಗೂ ಆಸ್ಪತ್ರೆಯ ಚೀಟಿಗೂ ಒಪ್ಪಿಕೊಳ್ಳುವಂತೆ ಆದೇಶ ಮಾಡಿ.

ನೀರು ನಿಲ್ಲಿಸಿ ಈಗ ಕೆಲವು ತಿಂಗಳಾಯಿತು. ಪಕ್ಕದ ಅಂಗಡಿಯವರಿಗೆ ನನ್ನ ಮೇಲೆ ಸಿಟ್ಟಿದೆ, ‘ನಿಮ್ಮಿಂದ ಇನ್ನಿಬ್ಬರು ಬಂದರು’ ಎನ್ನುತ್ತಾರೆ. ಹೌದು, ಬಂದಿದ್ದಾರೆ. ಮೂತ್ರದ ವಾಸನೆ ಮೊದಲಿನಂತೆಯೇ ಇದೆ, ಅದನ್ನು ಮುಚ್ಚಿಡುವುದಿಲ್ಲ; ನಮ್ಮ ಗಲ್ಲಿಯಲ್ಲಿ ಸಾರ್ವಜನಿಕ ಶೌಚಾಲಯಕ್ಕೆ ರಾತ್ರಿ ಬೀಗ ಬೀಳುತ್ತದೆ. ಆ ಹಿರಿಯರು ಮಾತ್ರ ಹೋಗುವ ಮುಂಚೆ ಜಗಲಿ ಗುಡಿಸಿ ಹೋಗುತ್ತಾರೆ, ನಾನು ಹೇಳಿದ್ದಲ್ಲ.

ಒಂದು ದಿನ ಬಂದು ನೋಡಿ. ಫೋಟೋದವರು ಬೇಡ, ಮುಂದೆ ಹಿಂದೆ ಗಾಡಿ ಬೇಡ. ಗಾಡಿ ಕಂಡರೆ ಎದ್ದು ಓಡುತ್ತಾರೆ. ಹನ್ನೊಂದರ ಮೇಲೆ ಬನ್ನಿ, ಆದರೆ ಮೂರರೊಳಗೆ ಬನ್ನಿ. ಮೂರಾದ ಮೇಲೆ ಅವರು ಸಿಗುವುದಿಲ್ಲ, ಕೆಲಸಕ್ಕೆ ಹೋಗಿರುತ್ತಾರೆ.

ಇತಿ ತಮ್ಮ ವಿಶ್ವಾಸಿ,
ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಯವ

ಲಗತ್ತು: ಈ ಸಾಲಿನ ಆಸ್ತಿ ತೆರಿಗೆ ರಸೀದಿಯ ನಕಲು