ಶಾಲಾ ಪ್ರವಾಸ: ಒಂದೇ ದಿನಕ್ಕೆ ಐದಾರು ಊರು ಬೇಡ

ಮಾನ್ಯರೇ,

ದೀಪಾವಳಿ ಮುಗಿದರೆ ಬಾಗಲಕೋಟೆ ಜಿಲ್ಲೆಯಲ್ಲಿ ಶಾಲಾ ಪ್ರವಾಸದ ಬಸ್ಸುಗಳ ಓಡಾಟ ಶುರು. ನಸುಕಿನಲ್ಲಿ ಬಾದಾಮಿ, ಬನಶಂಕರಿಯಲ್ಲಿ ಬುತ್ತಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ, ಕತ್ತಲಾಗುವಷ್ಟರಲ್ಲಿ ಆಲಮಟ್ಟಿ. ಎಲ್ಲ ಒಂದೇ ದಿನ! ಮಕ್ಕಳು ಗುಡಿ ಎದುರು ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡು ಮತ್ತೆ ಬಸ್ ಹತ್ತುತ್ತಾರೆ. ಇತಿಹಾಸ ಕಲಿಸಿದವಳು ನಾನು, ಇದನ್ನು ನೋಡಿ ಸಂಕಟವಾಗುತ್ತದೆ.

ಮುಖ್ಯಗುರುಗಳಲ್ಲಿ ನನ್ನ ವಿನಂತಿ: ದಿನಕ್ಕೆ ಎರಡೇ ಜಾಗ ಸಾಕು. ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು 22 ಕಿ.ಮೀ., ಅಷ್ಟರಲ್ಲೇ ದಿನ ತುಂಬುತ್ತದೆ. ಬಾದಾಮಿಯ ಮೂರನೇ ಗುಹೆಯಲ್ಲಿ ಚಾಲುಕ್ಯರ ಮಂಗಳೇಶ ಬರೆಸಿದ, ಕ್ರಿ.ಶ. 578ರ ಶಾಸನವಿದೆ, ಅದನ್ನು ತೋರಿಸಿ. ಪಟ್ಟದಕಲ್ಲಿನಲ್ಲಿ ಮಾತ್ರ ಅವಸರ ಬೇಡವೇ ಬೇಡ. ಗಳಗನಾಥ ಗುಡಿಯ ಬಾಗಿದ, ಉತ್ತರ ಭಾರತ ಶೈಲಿಯ ಶಿಖರವನ್ನೂ ಅಲ್ಲೇ ಸಮೀಪದ ಸಂಗಮೇಶ್ವರ ಗುಡಿಯ ಮೆಟ್ಟಿಲು ಮೆಟ್ಟಿಲಾದ, ದಕ್ಷಿಣ ಭಾರತ ಶೈಲಿಯ ವಿಮಾನವನ್ನೂ (ಗರ್ಭಗುಡಿಯ ಮೇಲಿನ ಗೋಪುರ) ತೋರಿಸಿ, ಏನು ಬೇರೆ ಎಂದು ಕೇಳಿ ಸುಮ್ಮನಿರಿ. ಉತ್ತರ ಅವರಿಂದಲೇ ಬರುತ್ತದೆ. ಗಂಡ ಎರಡನೇ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ಕಂಬಗಳಲ್ಲಿ ರಾವಣನ ಮೇಲೆ ಎರಗುವ ಜಟಾಯುವನ್ನು ಮಕ್ಕಳೇ ಹುಡುಕಲಿ. ಅರ್ಧ ಗಂಟೆ ಹಿಡಿದರೂ ಹಿಡಿಯಲಿ.

ಕೂಡಲಸಂಗಮ, ಆಲಮಟ್ಟಿಗಳಿಗೆ ಬೇರೆ ದಿನ ಇರಲಿ. ನಾರಾಯಣಪುರ ಜಲಾಶಯದ ಹಿನ್ನೀರಿನಿಂದ ಕಾಪಾಡಲು ಬಸವಣ್ಣನವರ ಐಕ್ಯಮಂಟಪದ ಸುತ್ತ ಬಾವಿಯಂತೆ ಗೋಡೆ ಎತ್ತಿದ್ದಾರೆ. ನೀರಿನ ನಡುವೆ ಆ ಮೆಟ್ಟಿಲು ಇಳಿಯುವ ಮೊದಲು ಈ ಕಥೆ ಹೇಳಿ. ಆಲಮಟ್ಟಿ ಜಲಾಶಯದ ಮುಳುಗಡೆಯಲ್ಲಿ ಮನೆ ಕಳೆದುಕೊಂಡು ಬಾಗಲಕೋಟೆಯ ನವನಗರಕ್ಕೆ ಬಂದವರ ಮೊಮ್ಮಕ್ಕಳು ನಮ್ಮ ಶಾಲೆಗಳಲ್ಲೇ ಇದ್ದಾರೆ, ಅವರಿಗೆ ಬೇಗ ತಿಳಿಯುತ್ತದೆ.

ಖರ್ಚು ಹೆಚ್ಚಾಗುತ್ತದೆ ಎನ್ನುವವರಿಗೆ ಒಂದು ಮಾತು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ಬಾದಾಮಿ, ಐಹೊಳೆಯ ವಸ್ತುಸಂಗ್ರಹಾಲಯಗಳು ಶುಕ್ರವಾರ ಮುಚ್ಚಿರುತ್ತವೆ, ದಿನ ಗೊತ್ತು ಮಾಡುವಾಗ ಗಮನಿಸಿ.

ಇನ್ನು ನಮ್ಮ ಗುಳೇದಗುಡ್ಡ. ಯಾವ ಪ್ರವಾಸದ ಪಟ್ಟಿಯಲ್ಲೂ ಇದರ ಹೆಸರಿಲ್ಲ. ತೇರು, ಆನೆ ಹೆಜ್ಜೆ ಎಂಬ ಹೆಸರಿನ ಚಿತ್ತಾರಗಳ ಖಣ, ಅಂದರೆ ರವಿಕೆ ಬಟ್ಟೆ, ಇಲ್ಲಿನ ಕುಣಿಮಗ್ಗಗಳಲ್ಲಿ (ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವ ಕೈಮಗ್ಗ) ಇನ್ನೂ ನೇಯುತ್ತಾರೆ, ಆದರೆ ಆ ಮಗ್ಗಗಳು ಕಡಿಮೆಯಾಗುತ್ತಿವೆ. ಬರುವ ಶಾಲೆಗಳು ಎರಡು ದಿನ ಮೊದಲು ತಿಳಿಸಿದರೆ ಮಕ್ಕಳನ್ನು ನೇಕಾರರ ಓಣಿಗೆ ನಾನೇ ಕರೆದೊಯ್ಯುತ್ತೇನೆ.

– ನಿವೃತ್ತ ಶಿಕ್ಷಕಿ, ಗುಳೇದಗುಡ್ಡ