ಮಧ್ಯಾಹ್ನದ ಊಟದ ಗಾಡಿಗಳಿಗೆ ನೆರಳಿನ ಜಾಗ ಕೊಡಿ

ಮಾನ್ಯರೇ,

ಶನಿವಾರ ಅರ್ಧ ದಿನದ ಶಾಲೆ. ಅವತ್ತು ಮಧ್ಯಾಹ್ನ ನಮ್ಮ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಇಬ್ಬರು ಮಕ್ಕಳನ್ನೂ ಕರೆದುಕೊಂಡು ಊಟದ ಗಾಡಿಗೆ ಹೋಗುತ್ತೇನೆ. ಮಗಳು ಐದನೇ ಕ್ಲಾಸು, ಮಗ ಒಂದನೇ ಕ್ಲಾಸು. ವಾರವಿಡೀ ಅವರು ಈ ಊಟಕ್ಕೆ ಕಾಯುತ್ತಾರೆ.

ದಾವಣಗೆರೆ ಅಂದ ಕೂಡಲೇ ಎಲ್ಲರೂ ಬೆಣ್ಣೆ ದೋಸೆ, ಮಂಡಕ್ಕಿ-ಮಿರ್ಚಿ ಅನ್ನುತ್ತಾರೆ. ಮಧ್ಯಾಹ್ನದ ಹೊತ್ತು ಎಷ್ಟೋ ಜನರ ಹೊಟ್ಟೆ ತುಂಬಿಸುವುದು ಮಾತ್ರ ರಸ್ತೆ ಬದಿಯ ಈ ಗಾಡಿಗಳು. ಟಾಟಾ ಏಸ್‌ನ ಹಿಂಭಾಗವನ್ನೇ ಅಡುಗೆಮನೆ ಮಾಡಿಕೊಂಡಿರುತ್ತಾರೆ. ಪಲಾವ್, ಚಿತ್ರಾನ್ನ, ರೊಟ್ಟಿ-ಪಲ್ಯ, ಮುದ್ದೆ-ಸಾರು ಸಿಗುತ್ತದೆ. ಅಡುಗೆ ಮಾಡುವವರು ಮಕ್ಕಳ ಕಣ್ಣೆದುರೇ ಇರುತ್ತಾರೆ. ನಾವು ಹೋಗುವ ಗಾಡಿಯ ಅಕ್ಕನಿಗೆ ನನ್ನ ಮಗನಿಗೆ ಖಾರ ಆಗಲ್ಲ ಅಂತ ಗೊತ್ತು. ಕೇಳುವ ಮೊದಲೇ ಮೊಸರು ಹಾಕಿ ಕೊಡುತ್ತಾರೆ. ಹಂಚಿನ ಮೇಲೆ ಜೋಳದ ರೊಟ್ಟಿ ಉಬ್ಬುವುದನ್ನು ಅವನು ಮೊದಲು ನೋಡಿದ್ದು ಅಲ್ಲಿಯೇ. ಮನೆಯಲ್ಲಿ ಹೀರೇಕಾಯಿ ಮುಟ್ಟದ ಮಗಳು ಅಲ್ಲಿ ಎರಡನೇ ಸಲ ಪಲ್ಯ ಹಾಕಿಸಿಕೊಂಡಳು. ಅವತ್ತು ನನಗಾದ ಖುಷಿ ಅಷ್ಟಿಷ್ಟಲ್ಲ.

ಕಳೆದ ತಿಂಗಳು ಒಂದು ಘಟನೆ ನಡೆಯಿತು. ಗಾಡಿಯ ಕಟ್ಟೆ ದೊಡ್ಡವರ ಎದೆಮಟ್ಟಕ್ಕಿರುತ್ತದೆ, ಮಕ್ಕಳಿಗೆ ಎಟಕುವುದಿಲ್ಲ. ಹಾಗಾಗಿ ಮಗ ರಸ್ತೆ ಅಂಚಿನಲ್ಲಿ ತಟ್ಟೆ ಹಿಡಿದು ನಿಂತಿದ್ದ. ಒಂದು ಬೈಕು ಮೈಗೆ ತಾಗುವಷ್ಟು ಹತ್ತಿರ ಹೋಯಿತು. ಬೆಚ್ಚಿಬಿದ್ದು ತಟ್ಟೆ ಬಿಟ್ಟ. ಬಿಸಿ ಸಾರು ಪಾದದ ಮೇಲೆ ಬಿತ್ತು. ಆ ಅಕ್ಕ ಓಡಿ ಬಂದು ಕುಡಿಯಲು ಇಟ್ಟಿದ್ದ ಕ್ಯಾನಿನ ನೀರನ್ನೇ ಸುರಿದರು. ಬೇರೆ ನೀರು ಅಲ್ಲಿರಲಿಲ್ಲ. ಗುಳ್ಳೆ ಏಳಲಿಲ್ಲ, ಪುಣ್ಯ. ಆದರೆ ಅವನು ಎರಡು ಶನಿವಾರ ಬರುವುದಿಲ್ಲ ಅಂತ ಹಟ ಹಿಡಿದ.

ಹೀಗೆ ಆದಾಗೆಲ್ಲ 'ಗಾಡಿಗಳನ್ನೇ ಎತ್ತಿಸಿ' ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ತಪ್ಪು ಗಾಡಿಯದಲ್ಲ, ಅದು ನಿಂತಿರುವ ಜಾಗದ್ದು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯಲ್ಲಿ ವ್ಯಾಪಾರಕ್ಕೆ ಜಾಗ ಗುರುತಿಸಿ ಕೊಡುವ ದಾರಿ ಇದೆ. ಅದಕ್ಕೆ ಪಟ್ಟಣ ಮಾರಾಟ ಸಮಿತಿ ಇರಬೇಕು, ಅದರ ಸದಸ್ಯರಲ್ಲಿ ಶೇ 40ರಷ್ಟಾದರೂ ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು ಅಂತಲೂ ಕಾಯ್ದೆ ಹೇಳುತ್ತದೆ. ಜಾಗ ಹುಡುಕುವಾಗ ಮಕ್ಕಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ ಅಂತ ಕೇಳುತ್ತೇನೆ. ಹೈಸ್ಕೂಲ್ ಮೈದಾನದ ಒಂದು ಬದಿ ಆಗಬಹುದು, ಮರ ಇರುವ ಯಾವುದಾದರೂ ಪಾರ್ಕಿನ ಪಕ್ಕ ಆಗಬಹುದು. ಮಧ್ಯಾಹ್ನ 12ರಿಂದ 3ರವರೆಗೆ ಅಲ್ಲಿ ವಾಹನ ಬಿಡದಿದ್ದರೆ ಸಾಕು. ಕೈ ತೊಳೆಯಲು ಎರಡು ನಲ್ಲಿ, ಕೂರಲು ಮಕ್ಕಳಿಗೆ ಎಟಕುವ ಕಲ್ಲಿನ ಕಟ್ಟೆ ಬೇಕು. ಏಪ್ರಿಲ್ ಬಿಸಿಲಿನಲ್ಲಿ ನಮ್ಮೂರ ಡಾಂಬರು ಹೇಗೆ ಕಾಯುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ, ಅಲ್ವಾ?

ಗಾಡಿಯವರಿಗೂ ಒಂದೆರಡು ಮಾತು. ತಟ್ಟೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ಬಿಸಿ ಅನ್ನ ಬಡಿಸಬೇಡಿ. ನಮ್ಮದೇ ಜಿಲ್ಲೆಯ ಚನ್ನಗಿರಿಯಲ್ಲಿ ಅಡಿಕೆ ತೋಟಗಳಿಗೆ ಕೊರತೆಯಿಲ್ಲ. ಅಡಿಕೆ ಹಾಳೆಯ ತಟ್ಟೆ ಬಳಸಿದರೆ ಐದು ರೂಪಾಯಿ ಜಾಸ್ತಿ ಕೊಡಲು ನಾವು ತಯಾರಿದ್ದೇವೆ. ಬೋಂಡಾ, ಬಜ್ಜಿಯನ್ನು ಪೇಪರಿನಲ್ಲಿ ಸುತ್ತಿ ಕೊಡಬೇಡಿ, ಮಸಿ ಎಣ್ಣೆಗೆ ಅಂಟುತ್ತದೆ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ಸರ್ಕಾರ 2024ರ ಮಾರ್ಚ್‌ನಲ್ಲೇ ನಿಷೇಧಿಸಿದೆ. ಕೆಂಪಗಿಲ್ಲದ ಗೋಬಿಯನ್ನೂ ಮಕ್ಕಳು ತಿನ್ನುತ್ತಾರೆ, ನಾನೇ ನೋಡಿದ್ದೇನೆ.

ಆಹಾರ ಸುರಕ್ಷತೆ ನೋಂದಣಿಯ 14 ಅಂಕಿಯ ಸಂಖ್ಯೆಯನ್ನು ಗಾಡಿಯ ಮೇಲೆ ಕಾಣುವಂತೆ ಹಾಕಿ. ಚಿಕ್ಕ ವ್ಯಾಪಾರಿಗಳಿಗೆ ಆ ನೋಂದಣಿಗೆ ಹೆಚ್ಚು ಖರ್ಚಿಲ್ಲ. ಈಗ ನನ್ನ ಮಗಳು ಯಾವ ಗಾಡಿಗೆ ಹೋದರೂ ಮೊದಲು ಅಂಕಿ ಎಣಿಸುತ್ತಾಳೆ. ಹದಿನಾಲ್ಕು ಇದ್ದರೆ 'ಅಮ್ಮ, ಇಲ್ಲಿ ಊಟ ಮಾಡೋಣ' ಅನ್ನುತ್ತಾಳೆ.

ಮಗ ಮತ್ತೆ ಬರಲು ಒಪ್ಪಿದ್ದಾನೆ. ಆದರೆ ಈಗ ನನ್ನ ಸೆರಗು ಬಿಡದೆ ನಿಂತು ಉಣ್ಣುತ್ತಾನೆ. ರಜೆ ಮುಗಿದು ಶಾಲೆಗಳು ಮತ್ತೆ ಶುರುವಾಗುವ ಮೊದಲು ಒಂದು ಜಾಗವನ್ನಾದರೂ ಗೊತ್ತುಮಾಡಿ ಎಂದು ಪಾಲಿಕೆಯವರಲ್ಲಿ ಕೇಳಿಕೊಳ್ಳುತ್ತೇನೆ.

– ಇಬ್ಬರು ಮಕ್ಕಳ ತಾಯಿ, ನಿಟುವಳ್ಳಿ, ದಾವಣಗೆರೆ